ಏಳನೇ ನಂಬರ್ ರೂಮಿನಿಂದ ಕಂಡ ವನುವಾಟು

ಸಿಡ್ನಿಯ ಗಿರಾವೀನ್ ಬಡಾವಣೆಯ ಬದರಿನಾಥನಿಗೆ ಸುಳ್ಳು ಹೇಳುವ ಜಾಯಮಾನವಿರಲಿಲ್ಲ. ಹೇಳಲು ಹೋದರೆ ಮೊದಲು ಎಡ ಕಿವಿ ಕೆಂಪಾಗುತ್ತಿತ್ತು, ಆಮೇಲೆ ಬಲ ಕಿವಿ, ಕೊನೆಗೆ ನಾಲಿಗೆ ತೊದಲುತ್ತಿತ್ತು. ಇಂಥ ಮನುಷ್ಯ ಒಂದು ಇಡೀ ದೇಶವನ್ನು ನೋಡದೆಯೇ ನೋಡಿದೆನೆಂದು ಸಿಡ್ನಿಯಿಂದ ಮೆಲ್ಬರ್ನಿನವರೆಗೆ ಭಾಷಣ ಮಾಡಿಕೊಂಡು ಹೋದ ಎಂದರೆ ಅದರಲ್ಲಿ ಅವನ ತಪ್ಪು ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಪಾಲು ಪಿಆರ್‌ನದು, ಅವನ ಹೆಂಡತಿ ಉಷಾಳದು ಮತ್ತು ಮೈಸೂರಿನ ಒಬ್ಬ ಜೋಯಿಸರದು.

ಪಿಆರ್ ಎಂದರೆ ಆಸ್ಟ್ರೇಲಿಯದಲ್ಲಿ ಕಾಯಂ ಆಗಿ ಇರಬಹುದೆಂಬ ಅಪ್ಪಣೆ. 2005ರ ಸುಮಾರಿಗೆ ಗಿರಾವೀನಿನಲ್ಲಿ ಕನ್ನಡ ಮಾತಾಡುವ ಪ್ರತಿ ಎರಡನೇ ಮನೆಯವರು ಅದಕ್ಕೆ ಅರ್ಜಿ ಹಾಕಿ ಕೂತಿದ್ದರು. ಆದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಬಸಿರನ್ನು ಮೂರು ತಿಂಗಳು ಮುಚ್ಚಿಡುವ ಹಾಗೆ ಅರ್ಜಿಯನ್ನು ಎರಡು ವರ್ಷ ಮುಚ್ಚಿಡುವುದು ಅಲ್ಲಿನ ಸಂಪ್ರದಾಯ. ಯಾರದಾದರೂ ದೃಷ್ಟಿ ತಾಗಿದರೆ ಫೈಲು ತಳಕ್ಕೆ ಹೋಗುತ್ತದೆ ಎಂಬುದರಲ್ಲಿ ಎಂಜಿನಿಯರುಗಳಿಗೂ ಸಂಶಯವಿರಲಿಲ್ಲ. ಉಷಾಳಂತೂ ದೇವರ ಮುಂದೆ ಗಂಡನ ಕೈಯಲ್ಲಿ ಆಣೆ ಹಾಕಿಸಿದ್ದಳು.

ಇದರಲ್ಲಿ ಒಂದು ತೊಡಕಿತ್ತು. ಬದರಿನಾಥ ಹಾಕಿದ್ದ ಬಗೆಯ ಅರ್ಜಿ ಮಂಜೂರಾಗುವ ಗಳಿಗೆಯಲ್ಲಿ ಅರ್ಜಿದಾರ ಆಸ್ಟ್ರೇಲಿಯದ ಹೊರಗಿರಬೇಕು. ಹೊರಗೆ ಹೋಗಿ ಎಂದು ಅರ್ಜಿ ನೋಡಿಕೊಳ್ಳುವ ಕೇಸ್ ಆಫೀಸರ್ ಬರೆದು ತಿಳಿಸುತ್ತಾರೆ. ಜನ ಹತ್ತಿರದ ಯಾವುದಾದರೂ ದೇಶಕ್ಕೆ ಹೋಗಿ, ನಾಲ್ಕು ದಿನ ಕೂತು, ಅಪ್ಪಣೆ ಪಡೆದು ವಾಪಸು ಬರುತ್ತಾರೆ. ಬಂದು ಟೂರ್ ಹೋಗಿದ್ದೆವು ಎನ್ನುತ್ತಾರೆ.

ತಂಗಿಯ ಸೀಮಂತಕ್ಕೆಂದು ಮೈಸೂರಿಗೆ ಹೋಗಿದ್ದ ಉಷಾ ಒಂದು ಬೆಳಿಗ್ಗೆ ಫೋನು ಮಾಡಿದಳು.

"ರೀ, ಜೋಯಿಸರ ಹತ್ರ ನಿಮ್ಮ ಜಾತಕ ತೋರಿಸ್ದೆ. ಬರೋ ದಶಮಿಯಿಂದ ಚತುರ್ದಶಿವರೆಗೆ ನಿಮ್ಗೆ ಭಾರೀ ಗುರುಬಲ ಇದೆಯಂತೆ. ಪಿಆರ್ ಆದ್ರೆ ಅವಾಗ್ಲೇ ಆಗ್ಬೇಕಂತೆ. ನಾನಂತೂ ಹೊರಗಿದೀನಿ. ನೀವೂ ಎಲ್ಲಾದ್ರೂ ಹೊರಟ್ಬಿಡಿ."

"ಕೇಸ್ ಆಫೀಸರ್ ಇನ್ನೂ ಹೋಗು ಅಂದಿಲ್ವಲ್ಲೇ?"

"ಅವರಿಗೇನು ಗೊತ್ತು ರೀ ಗುರುಬಲ?"

ಬದರಿನಾಥ ಕಂಪ್ಯೂಟರ್ ಮುಂದೆ ಕೂತ. ಭಾರತದ ಪಾಸ್‌ಪೋರ್ಟಿಗೆ ಮುಂಚಿತವಾಗಿ ವೀಸಾ ಕೇಳದ, ಐದು ದಿನದ ರಜೆಯಲ್ಲಿ ಹೋಗಿ ಬರಬಹುದಾದ ದೇಶ ಯಾವುದೆಂದು ಹುಡುಕಿದ. ವನುವಾಟು ಸಿಕ್ಕಿತು. ಅದು ಪೆಸಿಫಿಕ್ ಸಾಗರದಲ್ಲಿದೆ ಎಂಬುದು ಟಿಕೆಟ್ ಬುಕ್ ಮಾಡಿದ ಮೇಲೆ ಗೊತ್ತಾಯಿತು.

ಸೂಟ್‌ಕೇಸ್ ಹಿಡಿದು ಬಾಗಿಲು ಹಾಕುತ್ತಿದ್ದಾಗ ಪಕ್ಕದ ಮನೆಯ ಶರ್ಮಿಳಾ ಕಸದ ಡಬ್ಬಿ ಎಳೆದುಕೊಂಡು ಹೊರಬಂದಳು. ಶರ್ಮಿಳಾ ಒಳ್ಳೆಯ ಹೆಂಗಸು, ಕಷ್ಟಕ್ಕಾಗುವವಳು. ಆದರೆ ಅವಳಿಗೆ ಹೇಳಿದ್ದು ಸಂಜೆಯೊಳಗೆ ಆಚೆಯ ಬಡಾವಣೆ ಪ್ಯಾರಾಮಟ್ಟಾ ತಲುಪುತ್ತಿತ್ತು. ಉಷಾ ದೃಷ್ಟಿ ಎಂದಾಗಲೆಲ್ಲ ಅವಳ ಮನಸ್ಸಿನಲ್ಲಿದ್ದದ್ದು ಶರ್ಮಿಳಾಳ ಅಗಲವಾದ ಕಣ್ಣುಗಳೇ.

"ಎಲ್ಲಿಗೆ ಬದ್ರಿ? ಉಷಾ ಇಲ್ದೆ ಇರೋವಾಗ?"

"ಟೂ... ಟೂರ್," ಎಂದ ಬದರಿನಾಥ. ಎಡ ಕಿವಿ ಕೆಂಪಾಯಿತು. "ವನುವಾಟು."

"ಹೆಂಡ್ತಿ ಮೈಸೂರಲ್ಲಿ, ಗಂಡ ವನುವಾಟಲ್ಲಿ! ಇರ್ಲಿ, ಇರ್ಲಿ. ಫೋಟೋಸ್ ತುಂಬಾ ತಗೊಂಡ್ ಬನ್ನಿ ಆಯ್ತಾ?"

ಅಕ್ಟೋಬರಿನಲ್ಲಿ ಬದರಿನಾಥ ವನುವಾಟುವಿನ ರಾಜಧಾನಿ ಪೋರ್ಟ್ ವಿಲಾದ ಒಂದು ಸಣ್ಣ ಹೋಟೆಲಿನ ಏಳನೇ ನಂಬರ್ ರೂಮಿಗೆ ಹೋಗಿ ಇಳಿದ. ಅಲ್ಲಿನ ಫೋನ್ ನಂಬರನ್ನು ಕೇಸ್ ಆಫೀಸರಿಗೆ ಇ-ಮೇಲ್ ಮಾಡಿಯೇ ಹೊರಟಿದ್ದ. ಈಗ ಉಳಿದದ್ದು ಫೋನಿನ ಮುಂದೆ ಕೂರುವುದು. ಕೂತ. ಐದು ದಿನ ಕೂತ. ಸಮುದ್ರ ಮುನ್ನೂರು ಹೆಜ್ಜೆಯಲ್ಲಿತ್ತು, ಅವನು ಹೋಗಲಿಲ್ಲ. ತಾನು ಹೊರಗೆ ಹೋದ ಹೊತ್ತಿನಲ್ಲೇ ಫೋನು ರಿಂಗಾದರೆ? ಸ್ನಾನವನ್ನು ಬಾಗಿಲು ತೆರೆದಿಟ್ಟು ಮಾಡಿದ. ಗೊಜ್ಜವಲಕ್ಕಿ ತಿಂದ, ತಂದಿದ್ದ ಪುಟ್ಟ ಕುಕ್ಕರಿನಲ್ಲಿ ಅನ್ನ ಮಾಡಿ ಪುಳಿಯೋಗರೆ ಪುಡಿ ಕಲಸಿಕೊಂಡ. ಫೋನು ರಿಂಗಾದದ್ದು ಒಂದೇ ಸಲ. ಎದ್ದುಬಿದ್ದು ಎತ್ತಿದರೆ ರಿಸೆಪ್ಷನಿನವರು, ಸಾರ್, ನೀವು ಆರೋಗ್ಯವಾಗಿದ್ದೀರಾ ಎಂದು ಕೇಳಿದರು.

ಓದಲು ಮೇಜಿನ ಮೇಲೆ ಪ್ರವಾಸಿಗರ ಕೈಪಿಡಿ ಒಂದಿತ್ತು. ಎಂಬತ್ತಕ್ಕೂ ಹೆಚ್ಚು ದ್ವೀಪ, ನೂರಕ್ಕೂ ಹೆಚ್ಚು ಭಾಷೆ, ಆರು ಪ್ರಾಂತ್ಯ, ಪ್ರತಿ ಪ್ರಾಂತ್ಯದ ಪ್ರೇಕ್ಷಣೀಯ ಸ್ಥಳ. ಐದು ದಿನದಲ್ಲಿ ಹದಿನಾಲ್ಕು ಸಲ ಓದಿದ. ಟಾನ್ನಾ ದ್ವೀಪದ ಜ್ವಾಲಾಮುಖಿಯ ಪುಟವನ್ನು ಮಾತ್ರ ಹಿಂದೆ ಯಾರೋ ಪುಣ್ಯಾತ್ಮರು ಹರಿದುಕೊಂಡು ಹೋಗಿದ್ದರು.

ಬೇಸರವಾದಾಗ ಕಿಟಕಿಯಿಂದ ನೋಡುತ್ತಿದ್ದ. ಎದುರಿಗೆ ಆಲದ ಮರ, ಮರದ ಕೆಳಗೆ ಹೂಹೂವಿನ ಸಡಿಲ ಗೌನು ಹಾಕಿಕೊಂಡು ತೆಂಗಿನಕಾಯಿ, ಕಡಲೆಕಾಯಿ ಮಾರುವ ಒಬ್ಬ ಅಜ್ಜಿ. ಎರಡನೇ ದಿನ ಅಜ್ಜಿ ಅವನನ್ನು ನೋಡಿ, ಕೆಳಗೆ ಬಾ ಎಂದು ಕೈಬೀಸಿದಳು. ಬದರಿನಾಥ ಹೆಬ್ಬೆರಳನ್ನು ಕಿವಿಗೂ ಕಿರುಬೆರಳನ್ನು ಬಾಯಿಗೂ ಹಿಡಿದು, ಫೋನು ಬರಬೇಕು, ಬರಲಾಗುವುದಿಲ್ಲ ಎಂದು ಸನ್ನೆ ಮಾಡಿದ. ಇದು ಅವನ ಊರಿನ ಕಡೆಯ ನಮಸ್ಕಾರ ಇರಬೇಕೆಂದು ಅಜ್ಜಿ ತಿಳಿದಳು. ಮಾರನೇ ದಿನದಿಂದ ಅವನು ಕಿಟಕಿಗೆ ಬಂದ ಕೂಡಲೇ ಅವಳೂ ಹೆಬ್ಬೆರಳು ಕಿವಿಗಿಟ್ಟು ಕಿರುಬೆರಳು ಬಾಯಿಗಿಟ್ಟು ನಗುವಳು. ಗುರುಬಲದ ಐದು ದಿನಗಳಲ್ಲಿ ಬದರಿನಾಥನಿಗೆ ಹೊರಗಿನಿಂದ ಬಂದ ಫೋನು ಅದೊಂದೇ.

ಪಿಆರ್ ಬರಲಿಲ್ಲ. ಸಿಡ್ನಿಗೆ ಬಂದು ನೋಡಿದರೆ ಕೇಸ್ ಆಫೀಸರಿನ ಉತ್ತರ ಕಾದಿತ್ತು: ನಾವು ಹೇಳಿದಾಗ ಹೊರಗೆ ಹೋದರೆ ಸಾಕು.

ಮಾರನೇ ದಿನ ಶರ್ಮಿಳಾ ಕೇಸರಿಬಾತು ಹಿಡಿದುಕೊಂಡು ಬಂದಳು. "ಎಲ್ಲಿ ಫೋಟೋಸ್?"

"ಕ್ಯಾಮೆರಾ ಸಮುದ್ರಕ್ಕೆ ಬಿತ್ತು," ಎಂದ ಬದರಿನಾಥ. ಬಲ ಕಿವಿಯೂ ಕೆಂಪಾಯಿತು. ಬಿಸಿಲಿಗೆ ಸುಟ್ಟಿರಬೇಕೆಂದು ಶರ್ಮಿಳಾ ಮರುಗಿದಳು.

"ಅಯ್ಯೋ ಪಾಪ. ಬಾಯಲ್ಲಾದ್ರೂ ಹೇಳಿ."

ಬಾಯಲ್ಲಿ ಹೇಳಿದ. ಕೈಪಿಡಿ ನಾಲಿಗೆಯ ತುದಿಯಲ್ಲಿತ್ತು. ಪೆಂಟೆಕೋಸ್ಟ್ ದ್ವೀಪದಲ್ಲಿ ಕಾಲಿಗೆ ಬಳ್ಳಿ ಕಟ್ಟಿಕೊಂಡು ಮರದ ಗೋಪುರದಿಂದ ಹಾರುವ ಗಂಡಸರು, ಮರಳಿನ ಮೇಲೆ ಬೆರಳೆತ್ತದೆ ಬರೆಯುವ ರಂಗೋಲಿಯಂಥ ಚಿತ್ರ, ಸಮುದ್ರದೊಳಗಿನ ಅಂಚೆ ಕಚೇರಿ. ಶರ್ಮಿಳಾಳ ಕಣ್ಣು ಇನ್ನಷ್ಟು ಅಗಲವಾಯಿತು. ಮೂರು ವಾರದಲ್ಲಿ ಗಿರಾವೀನಿನ ಕನ್ನಡ ಬಳಗದವರು ಅವನಿಗೆ ಶಾಲು ಹೊದಿಸಿ ಭಾಷಣ ಮಾಡಿಸಿದರು. ಆರು ಪ್ರಾಂತ್ಯಗಳ ಹೆಸರನ್ನು ಅವನು ತಾಲ್ಲೂಕುಗಳ ಹೆಸರು ಹೇಳಿದಂತೆ ತಡೆಯಿಲ್ಲದೆ ಹೇಳಿದಾಗ ಚಪ್ಪಾಳೆ ಬಿತ್ತು.

ಅಷ್ಟರಲ್ಲಿ ಉಷಾ ಮೈಸೂರಿನಿಂದ ಬಂದಿದ್ದಳು. ಅವಳ ಸ್ಥಿತಿ ಎರಡು ಬಗೆಯದು. ಪಿಆರ್ ಗುಟ್ಟು ಉಳಿಯಿತಲ್ಲ ಎಂದು ಸಮಾಧಾನ, ತನ್ನನ್ನು ಬಿಟ್ಟು ಗಂಡ ಅಷ್ಟೆಲ್ಲ ನೋಡಿಕೊಂಡು ಬಂದನಲ್ಲ ಎಂದು ಹೊಟ್ಟೆಯುರಿ.

"ಪಿಆರ್‌ಗೆ ಅಂತ ಹೋದೋರು ಒಬ್ರೇ ಊರೆಲ್ಲ ಸುತ್ಕೊಂಡ್ ಬಂದ್ರಿ. ನಾನು ಅಲ್ಲಿ ಬಾಗಿನದ ಮೊರ ಜೋಡಿಸ್ತಾ ಕೂತಿದ್ದೆ."

ಅವಲಕ್ಕಿ ತಿಂದುಕೊಂಡು ಫೋನು ಕಾಯುತ್ತಿದ್ದೆ ಎಂದು ಹೆಂಡತಿಗೆ ಹೇಳಲು ಬದರಿನಾಥನಿಗೆ ನಾಚಿಕೆಯಾಯಿತು. ಸುಮ್ಮನಾದ. ಈ ಸುಮ್ಮನಾದದ್ದೇ ಅವನ ಕಾಲು ಭಾಗದ ತಪ್ಪು.

ಶರ್ಮಿಳಾ ಭಾಷಣದ ಸಮಾಚಾರವನ್ನು ಇ-ಮೇಲಿನಲ್ಲಿ ಆಸ್ಟ್ರೇಲಿಯದ ಕನ್ನಡಿಗರಿಗೆಲ್ಲ ಹರಡಿದಳು. ಮೆಲ್ಬರ್ನಿನ ಡ್ಯಾಂಡಿನಾಂಗಿನಿಂದ ಫೋನು ಬಂತು.

"ಬದರಿನಾಥರಾ? ನಾನು ಕ್ಲಾರೆನ್ಸ್ ಮಾತಾಡುದು ಮಾರಾಯ್ರೆ, ಮೂಲ ಮಂಗಳೂರು. ನೀವು ವನುವಾಟು ಪೂರಾ ಸುತ್ತಿದ್ದೀರಂತಲ್ಲ? ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ಆಗ್ತದೆ. ನನ್ನ ಹೆಂಡತಿ ಜೋವಿಟಾಗೆ ಸಣ್ಣದಿರುವಾಗಿಂದ ಜ್ವಾಲಾಮುಖಿ ನೋಡ್ಬೇಕು ಅಂತ ಆಸೆ. ನೀವೊಮ್ಮೆ ಬಂದು ಎಲ್ಲ ವಿವರ್ಸಿ ಹೇಳ್ಬೇಕು. ನಮ್ಮ ಚರ್ಚಿನ ಹಾಲ್ ಉಂಟು, ಊರಿನವರನ್ನೆಲ್ಲ ಕರೀತೇನೆ. ನಾನು ಫೀಜಿ ನೋಡಿದ್ದೇನೆ. ಅಲ್ಲಿಯ ಹವಳ, ಅದರ ಒಳಗೆ ಬಣ್ಣಬಣ್ಣದ ಮೀನು, ಎಂತ ಹೇಳುದು! ಆದ್ರೆ ಬೆಂಕಿಬೆಟ್ಟ ನೋಡ್ಲಿಲ್ಲ."

ಆಗುವುದಿಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಉಷಾ, ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಪಿಸುಗುಟ್ಟಿದಳು. ತಾನೂ ಬರುವುದಾಗಿ ಹೇಳಿ ಸೀರೆ ಇಸ್ತ್ರಿ ಮಾಡಿದಳು.

ಡ್ಯಾಂಡಿನಾಂಗಿನ ಹಾಲಿನಲ್ಲಿ ಅರವತ್ತು ಜನ ಸೇರಿದ್ದರು. ಮೆಲ್ಬರ್ನಿನ ಇನ್ನೊಂದು ತುದಿಯ ಟಾರ್ನೀಟ್‌ನಿಂದಲೂ ಕಾರು ಮಾಡಿಕೊಂಡು ಬಂದಿದ್ದರು. ಜೋವಿಟಾ ಬಾಗಿಲಲ್ಲೇ ನಿಂತು ಎಲ್ಲರ ಕೈಗೂ ಒಂದೊಂದು ಪಾತೊಳಿ ಇಡುತ್ತಿದ್ದಳು. ಅರಿಸಿನ ಎಲೆಯಲ್ಲಿ ಸುತ್ತಿ ಬೇಯಿಸಿದ ಸಿಹಿ ಕಡುಬು ಅದು. ಬದರಿನಾಥ ಎರಡು ತಿಂದು ಧೈರ್ಯ ತಂದುಕೊಂಡು ವೇದಿಕೆ ಹತ್ತಿದ. ಆಗ ಕ್ಲಾರೆನ್ಸ್ ಮೈಕ್ ಹಿಡಿದು ಹೇಳಿದ:

"ನಿಮಗೆಲ್ಲ ಒಂದು ಸರ್‌ಪ್ರೈಸ್ ಉಂಟು. ನಮ್ಮ ಚರ್ಚಿಗೆ ಬರುವ ಲೇಮಾರಾ, ಇವಳ ಊರು ಎಂತ ಗೊತ್ತುಂಟಾ? ವನುವಾಟು! ಇವರ ಭಾಷಣ ಕೇಳ್ಲಿಕ್ಕೆ ಅಂತಲೇ ಕರ್ದಿದ್ದೇನೆ."

ಎರಡನೇ ಸಾಲಿನಿಂದ ಮೂವತ್ತರ ಆಸುಪಾಸಿನ, ಗುಂಗುರು ಕೂದಲಿನ ಹೆಂಗಸೊಬ್ಬಳು ಎದ್ದು ನಕ್ಕು ಕೂತಳು. ಬದರಿನಾಥನ ಎರಡು ಕಿವಿಯೂ ಒಟ್ಟಿಗೇ ಕೆಂಪಾದವು. ವೇದಿಕೆಯ ಹಿಂದೆ ಬಾಗಿಲಿದೆಯೇ ಎಂದು ನೋಡಿದ. ಇತ್ತು. ಅದರ ಮುಂದೆ ಊಟದ ಪಾತ್ರೆಗಳನ್ನು ಜೋಡಿಸಿದ್ದರು.

ಭಾಷಣ ಶುರುವಾಯಿತು. ಕ್ಲಾರೆನ್ಸ್ ಲೇಮಾರಾಳ ಪಕ್ಕದಲ್ಲಿ ಕೂತು ಪ್ರತಿ ವಾಕ್ಯವನ್ನೂ ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಬದರಿನಾಥ ಹತ್ತು ಜನ ಹಾರಿದರು ಎಂದರೆ ಕ್ಲಾರೆನ್ಸಿನ ಇಂಗ್ಲಿಷಿನಲ್ಲಿ ಮೂವತ್ತು ಜನ ಹಾರುತ್ತಿದ್ದರು. ಪ್ರತಿ ವಾಕ್ಯ ಮುಗಿದಾಗಲೂ ಅರವತ್ತು ತಲೆಗಳು ಲೇಮಾರಾಳ ಕಡೆ ತಿರುಗಿ, ಅವಳು ಏನೆನ್ನುತ್ತಾಳೋ ಎಂದು ನೋಡಿ ಮತ್ತೆ ವೇದಿಕೆಗೆ ಬರುತ್ತಿದ್ದವು. ಅವಳು ಮರ್ಯಾದೆಗೆ ನಗುತ್ತಿದ್ದಳು. ಅಷ್ಟು ಒಳ್ಳೆಯ ನಗು ಬದರಿನಾಥನನ್ನು ಅಷ್ಟು ಕೆಟ್ಟದಾಗಿ ಹಿಂಸಿಸಿದ್ದು ಹಿಂದೆಂದೂ ಇರಲಿಲ್ಲ.

ಹೇಗೋ ಐದು ಪ್ರಾಂತ್ಯ ದಾಟಿದ. ಆರನೆಯದು ಟಾನ್ನಾ ಇರುವ ಪ್ರಾಂತ್ಯ, ಹರಿದ ಪುಟ. ಅದನ್ನು ಬಿಟ್ಟು ವಂದನೆ ಹೇಳಲು ಹೊರಟಾಗ ಜೋವಿಟಾ ಎದ್ದು ನಿಂತಳು.

"ಬದ್ರಿಯವರೇ, ನನ್ನದೊಂದು ಪ್ರಶ್ನೆ ಉಂಟು. ನನ್ನ ಬಲ ಮಂಡಿ ಸ್ವಲ್ಪ ತೊಂದರೆ. ಜೀಪು ಇಳಿದ ಮೇಲೆ ಬೆಟ್ಟ ಎಷ್ಟು ಹತ್ಲಿಕ್ಕುಂಟು? ಹಿಡಿದುಕೊಳ್ಳಿಕ್ಕೆ ಕಂಬಿ ಏನಾದ್ರೂ ಉಂಟಾ? ಇವರದ್ದು ಎಲ್ಲದಕ್ಕೂ ಆಗ್ತದೆ, ಆಗ್ತದೆ. ನೀವು ಕಣ್ಣಾರೆ ನೋಡಿದವರು. ನೀವು ಆಗ್ತದೆ ಅಂತ ಹೇಳಿದ್ರೆ ನಾನು ಧೈರ್ಯದಲ್ಲಿ ಹೋಗ್ತೇನೆ."

ಆಗ್ತದೆ ಎಂಬ ಮೂರಕ್ಷರ ಹೇಳಿದ್ದರೆ ಸಭೆ ಮುಗಿಯುತ್ತಿತ್ತು, ಊಟವಾಗುತ್ತಿತ್ತು, ಪಿಆರ್ ಗುಟ್ಟು ಗುಟ್ಟಾಗಿ ಉಳಿಯುತ್ತಿತ್ತು. ಬದರಿನಾಥ ಜೋವಿಟಾಳ ಮಂಡಿ ನೋಡಿದ. ಅವಳು ಇನ್ನೂ ನಿಂತೇ ಇದ್ದಳು, ಕುರ್ಚಿಯ ಬೆನ್ನು ಹಿಡಿದು, ಎಡಗಾಲಿನ ಮೇಲೆ ಭಾರ ಹಾಕಿ. ಈ ಹೆಂಗಸು ನನ್ನ ಮಾತು ಕಟ್ಟಿಕೊಂಡು ಬೆಂಕಿಯ ಬಾಯಿಯ ಹತ್ತಿರ ಹೋಗುತ್ತಾಳೆ ಎಂದುಕೊಂಡ.

"ನಂಗೊತ್ತಿಲ್ಲ ಆಂಟಿ," ಎಂದ. "ನಾನು ಹೋಗಿಲ್ಲ."

"ಟಾನ್ನಾಕ್ಕೆ ಹೋಗ್ಲಿಲ್ವಾ?" ಎಂದ ಕ್ಲಾರೆನ್ಸ್.

"ಟಾನ್ನಾಕ್ಕೂ ಹೋಗಿಲ್ಲ. ಪೆಂಟೆಕೋಸ್ಟ್‌ಗೂ ಹೋಗಿಲ್ಲ. ಎಲ್ಲೂ ಹೋಗಿಲ್ಲ. ಇಷ್ಟ್ ಹೊತ್ತು ಹೇಳಿದ್ದೆಲ್ಲ ಹೋಟೆಲಿನ ಪುಸ್ತಕದ್ದು."

ಹಾಲಿನಲ್ಲಿ ಯಾರೋ ಪಾತೊಳಿ ಜಗಿಯುತ್ತಿದ್ದ ಸದ್ದು ನಿಂತಿತು. ಕ್ಲಾರೆನ್ಸ್ ಜೀವಮಾನದಲ್ಲಿ ಮೊದಲ ಸಲ ಒಂದು ವಾಕ್ಯಕ್ಕೆ ಏನನ್ನೂ ಸೇರಿಸದೆ ಇಂಗ್ಲಿಷಿಗೆ ತಿರುಗಿಸಿದ. ಉಷಾ ಗಂಡನನ್ನು ಹಿಂದೆಂದೂ ಕಂಡಿರದವಳಂತೆ ನೋಡಿದಳು.

"ಹಾಗಾದ್ರೆ ನೀವು ಅಲ್ಲಿ ನೋಡಿದ್ದು ಎಂತ?" ಜೋವಿಟಾ ಮೆಲ್ಲಗೆ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಒಂದು ಆಲದ ಮರ ನೋಡ್ದೆ," ಎಂದ ಬದರಿನಾಥ. "ಅದರ ಕೆಳಗೆ ಒಬ್ಬ ಅಜ್ಜಿ."

ಕಿವಿಗಳು ತಣ್ಣಗಾಗತೊಡಗಿದವು. ಐದು ದಿನ ನೋಡಿದ್ದನ್ನು ಹೇಳುವುದಕ್ಕೆ ಅವನಿಗೆ ಯಾವ ಪುಸ್ತಕವೂ ಬೇಕಿರಲಿಲ್ಲ. ಅಜ್ಜಿ ಕಡಲೆಕಾಯಿಯನ್ನು ಗಿಡ ಸಮೇತ ಕಂತೆ ಕಟ್ಟಿ ಸಾಲಾಗಿ ಇಡುತ್ತಾಳೆ, ಯಾರಾದರೂ ಮುಟ್ಟಿ ಕೊಳ್ಳದೆ ಹೋದರೆ ಮತ್ತೆ ಸಾಲು ಸರಿಮಾಡುತ್ತಾಳೆ. ಮಧ್ಯಾಹ್ನ ನೀಲಿ ಕೊಡೆ ಬಿಚ್ಚಿಕೊಂಡು ಕೂತಲ್ಲೇ ನಿದ್ದೆ ಮಾಡುತ್ತಾಳೆ, ಆದರೆ ಕೊಡೆ ವಾಲುವುದಿಲ್ಲ. ಜೋರಾಗಿ ಓಡಿಸುವ ವ್ಯಾನಿನವರಿಗೆ ತೆಂಗಿನ ಚಿಪ್ಪು ತೋರಿಸಿ ಬಯ್ಯುತ್ತಾಳೆ. ಕನ್ನಡಕದ ಒಂದು ಕಡ್ಡಿ ಮುರಿದಿದೆ, ಅಲ್ಲಿ ಕೆಂಪು ರಿಬ್ಬನ್ನು ಕಟ್ಟಿಕೊಂಡಿದ್ದಾಳೆ.

ಲೇಮಾರಾ ಎದ್ದು ನಿಂತಿದ್ದಳು. ನಗು ಹೋಗಿತ್ತು. "ಆ ಮರದ ಪಕ್ಕದಲ್ಲಿ ಹಸಿರು ಗೋಡೆಯ ಅಂಗಡಿ ಇದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಇದೆ. ಗೋಡೆಯ ಮೇಲೆ ಆಮೆಯ ಚಿತ್ರ."

"ಅವಳು ನನ್ನನ್ನು ಸಾಕಿದ ದೊಡ್ಡಮ್ಮ. ಅದು ನನ್ನ ಸ್ಕೂಲಿನ ರಿಬ್ಬನ್ನು." ಲೇಮಾರಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳು ಊರಿಗೆ ಹೋಗಿ ಆರು ವರ್ಷವಾಗಿತ್ತು. ದೊಡ್ಡಮ್ಮನ ಬಳಿ ಫೋನಿರಲಿಲ್ಲ. "ಕೆಮ್ಮುತ್ತಿದ್ದಳೇ? ತೂಕ ಇಳಿದಿದೆಯೇ? ನಗುತ್ತಾಳೆಯೇ?"

"ಕೆಮ್ಮು ಇಲ್ಲ. ಎದುರಿಗೆ ಕೂತು ಎಣಿಸಿದ್ದೀನಿ, ದಿನಕ್ಕೆ ಎರಡು ಎಳನೀರು ಅವಳೇ ಕುಡೀತಾಳೆ. ನಗೋದಾ? ನನ್ನ ನೋಡಿ ದಿನಾ ನಗ್ತಾ ಇದ್ಲು." ಬದರಿನಾಥ ಹೆಬ್ಬೆರಳು ಕಿರುಬೆರಳು ಹಿಡಿದು ತೋರಿಸಿದ. ಲೇಮಾರಾ ಅಳುತ್ತಲೇ ನಕ್ಕುಬಿಟ್ಟಳು.

ಐದು ಪ್ರಾಂತ್ಯಗಳ ವರ್ಣನೆಗೆ ಆಕಳಿಸಿದ್ದ ಸಭೆ ಈಗ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಆದರೆ ಕ್ಲಾರೆನ್ಸಿಗೆ ಒಂದು ಮುಳ್ಳು ಉಳಿದಿತ್ತು.

"ಅಲ್ಲ ಮಾರಾಯ್ರೆ, ಅಷ್ಟು ದೂರ ಹೋಗಿ ಐದು ದಿನ ರೂಮಿನೊಳಗೆ ಕೂತದ್ದು ಯಾಕೆ?"

ಬದರಿನಾಥ ಉಷಾಳ ಕಡೆ ನೋಡಿದ. ಆಣೆ ಹಾಕಿದ್ದಾನೆ, ಬಾಯಿ ಬಿಡುವಂತಿಲ್ಲ. ಉಷಾಳ ಕಣ್ಣು ತುಂಬಿತ್ತು. ತನ್ನನ್ನು ಬಿಟ್ಟು ಊರೆಲ್ಲ ಸುತ್ತಿದನೆಂದು ಎರಡು ತಿಂಗಳು ಹಂಗಿಸಿದ್ದು ಅವಳಿಗೆ ಈಗ ಚುಚ್ಚುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ಪಿಆರ್‌ಗೆ! ನಾನೇ ಕಳಿಸಿದ್ದು. ಯಾರಿಗೂ ಹೇಳ್ಬೇಡಿ ಅಂದಿದ್ದೂ ನಾನೇ. ನನ್ನ ಮಾತು ಕೇಳಿ ಫೋನ್ ಮುಂದೆ ಅವಲಕ್ಕಿ ತಿಂತಾ ಕೂತಿದ್ರು. ದೃಷ್ಟಿ ತಾಗೋದಿದ್ರೆ ತಾಗ್ಲಿ!"

ಹಿಂದಿನ ಸಾಲಿನಲ್ಲಿ ಟಾರ್ನೀಟ್‌ನ ಬಾಳಪ್ಪ ಎಂಬಾತ ಗಂಟಲು ಸರಿಮಾಡಿಕೊಂಡ. "ನಾನೂ ಆಕ್ಲೆಂಡ್ ನೋಡೀನಿ ಅಂತ ಹೇಳ್ತೀನಲ್ರೀ, ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿನ್ಯಾಗ ಎಂಟು ದಿನ ಮಕ್ಕೊಂಡಿದ್ದೆ. ಪಿಆರ್‌ಗೇ." ಊರ್ಮಿಳಾ ಎಂಬ ಹಿರಿಯಾಕೆ, ತಾನು ತೋರಿಸುತ್ತಿದ್ದ ಸಿಂಗಪುರದ ಹುಲಿಯ ಫೋಟೋ ಹೋಟೆಲಿನ ಕ್ಯಾಲೆಂಡರಿನದೆಂದು ಒಪ್ಪಿಕೊಂಡಳು. ಇನ್ನೂ ನಾಲ್ಕೈದು ಕೈಗಳು ಎದ್ದವು. ಪೆಸಿಫಿಕ್ ಸಾಗರದ ಸುತ್ತಮುತ್ತಲಿನ ಹೋಟೆಲುಗಳಲ್ಲಿ ಕನ್ನಡಿಗರು ಅಷ್ಟು ದಿನ ಕದ ಹಾಕಿಕೊಂಡು ಕೂತಿದ್ದರೆಂಬುದು ಅಂದೇ ಬೆಳಕಿಗೆ ಬಂದದ್ದು.

ಜೋವಿಟಾ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಕ್ಲಾರೆನ್ಸ್ ಪಿಆರ್ ಪಡೆದ ವರ್ಷ ಅವಳು ಮಂಗಳೂರಿನಲ್ಲಿದ್ದಳು. "ನಿಮ್ಮ ಫೀಜಿ?"

"ಅದು... ನಾನು ಸಹ ರೂಮಲ್ಲೇ ಇದ್ದದ್ದು."

"ಆ ಹವಳ? ಆ ಬಣ್ಣಬಣ್ಣದ ಮೀನು?"

"ರಿಸೆಪ್ಷನಿನಲ್ಲಿ ಒಂದು ಅಕ್ವೇರಿಯಂ ಇತ್ತು," ಎಂದ ಕ್ಲಾರೆನ್ಸ್ ಸಣ್ಣ ದನಿಯಲ್ಲಿ.

ನಗು ಯಾವ ಮೂಲೆಯಿಂದ ಹೊರಟಿತೋ ಗೊತ್ತಿಲ್ಲ, ಜೋವಿಟಾ ಕುರ್ಚಿಯಲ್ಲಿ ಕುಸಿದು ಕಣ್ಣೀರು ಬರುವಂತೆ ನಕ್ಕಳು. ಲೇಮಾರಾ ಅವಳ ಪಕ್ಕದಲ್ಲಿ ಬಂದು ಕೂತು, ಗೋಪುರದಿಂದ ಹಾರುವುದು ಏಪ್ರಿಲಿನಿಂದ ಜೂನಿನವರೆಗೆ ಮಾತ್ರ, ಬದರಿನಾಥ ಅಕ್ಟೋಬರಿನಲ್ಲಿ ಹಾರಿಸಿದಾಗಲೇ ತನಗೆ ಅನುಮಾನವಾಗಿತ್ತು ಎಂದಳು. ಜ್ವಾಲಾಮುಖಿಯನ್ನು ತಾನೂ ನೋಡಿಲ್ಲವಂತೆ. ಆದರೆ ಅವಳ ಅಣ್ಣ ಟಾನ್ನಾದಲ್ಲಿ ಜೀಪು ಓಡಿಸುತ್ತಾನೆ, ಮೇಲಿನವರೆಗೂ ಜೀಪು ಹೋಗುತ್ತದೆ, ಆಮೇಲೆ ಹತ್ತು ನಿಮಿಷದ ನಡಿಗೆ, ಅವನು ಕೈಹಿಡಿದು ಕರೆದೊಯ್ಯುತ್ತಾನೆ. ಜೋವಿಟಾ ಅಲ್ಲೇ ಅವನ ಹೆಸರು ಬರೆದುಕೊಂಡಳು.

ಮಾರ್ಚಿನಲ್ಲಿ ಕೇಸ್ ಆಫೀಸರಿನ ಪತ್ರ ನಿಜವಾಗಿಯೂ ಬಂತು: ಈಗ ಹೊರಗೆ ಹೋಗಿ. ಇಬ್ಬರೂ ಹೊರಟಾಗ ಶರ್ಮಿಳಾ ಕೈತುಂಬ ಉಪ್ಪು ಮೆಣಸಿನಕಾಯಿ ಹಿಡಿದು ಬಂದು, ಬಾಗಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆದಳು. "ಜನರ ಕಣ್ಣು ಒಂದೇ ತರ ಇರಲ್ಲ ಉಷಾ," ಎಂದು ಎಚ್ಚರಿಸಿದಳು. ಉಷಾ ತಲೆ ತಗ್ಗಿಸಿ, ಹೌದು ಎಂದಳು.

ಪೋರ್ಟ್ ವಿಲಾದಲ್ಲಿ ಅದೇ ಹೋಟೆಲು, ಅದೇ ಏಳನೇ ನಂಬರ್ ರೂಮು. ಬದರಿನಾಥ ಅಭ್ಯಾಸಬಲದಿಂದ ಫೋನಿನ ಮುಂದೆ ಕುರ್ಚಿ ಎಳೆದುಕೊಂಡ.

"ಏಳ್ರೀ ಮೇಲೆ," ಎಂದಳು ಉಷಾ. ಅವಳ ಕೈಯಲ್ಲಿ ಲೇಮಾರಾ ಕೊಟ್ಟ ಪೊಟ್ಟಣವಿತ್ತು. ಒಂದು ಹೊಸ ಕನ್ನಡಕ, ಒಂದು ಗಜ ಕೆಂಪು ರಿಬ್ಬನ್ನು, ಲೇಮಾರಾಳ ಆರು ಫೋಟೋಗಳು.

"ಫೋನ್ ಬಂದ್ರೆ?"

"ಬಂದ್ರೆ ಬರ್ಲಿ."

ಆಲದ ಮರದ ಕೆಳಗೆ ಅಜ್ಜಿ ಕಡಲೆಕಾಯಿ ಕಂತೆ ಜೋಡಿಸುತ್ತಿದ್ದಳು. ತಲೆಯೆತ್ತಿ ನೋಡಿದಳು. ಕಿಟಕಿಯ ಮನುಷ್ಯ ಕಾಲುಸಮೇತ ರಸ್ತೆಯಲ್ಲಿ ನಿಂತಿರುವುದನ್ನು ನಂಬಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಹೆಬ್ಬೆರಳನ್ನು ಕಿವಿಗೂ ಕಿರುಬೆರಳನ್ನು ಬಾಯಿಗೂ ಇಟ್ಟು ಕಾದಳು.

ಬದರಿನಾಥನೂ ಬೆರಳು ಕಿವಿಗಿಟ್ಟ. "ಹಲೋ," ಎಂದ. "ಅಜ್ಜಿ, ನಿಮ್ಮ ಲೇಮಾರಾ ಹತ್ರದಿಂದ ಬಂದಿದೀನಿ."

ಕನ್ನಡದ ಒಂದಕ್ಷರ ತಿಳಿಯದ ಅಜ್ಜಿ ಲೇಮಾರಾ ಎಂಬ ಹೆಸರು ಕೇಳಿದ್ದೇ ಕಡಲೆಕಾಯಿ ಕಂತೆಗಳ ಸಾಲನ್ನು ತುಳಿದುಕೊಂಡು ಎದ್ದು ಬಂದಳು.

ಆ ಹೊತ್ತಿಗೆ ಸರಿಯಾಗಿ ಏಳನೇ ನಂಬರ್ ರೂಮಿನ ಫೋನು ರಿಂಗಾಗತೊಡಗಿತು. ಹನ್ನೊಂದು ಸಲ ರಿಂಗಾಯಿತು. ಆಮೇಲೆ ರಿಸೆಪ್ಷನಿನಲ್ಲಿ ರಿಂಗಾಯಿತು. ಹಳೆಯ ಗಿರಾಕಿಯ ಗುರುತು ಚೆನ್ನಾಗಿಯೇ ಇದ್ದ ರಿಸೆಪ್ಷನಿನ ಹೆಂಗಸು ಫೋನೆತ್ತಿ, ಕಿಟಕಿಯಾಚೆ ಒಮ್ಮೆ ನೋಡಿ, ಸಂತೋಷದಿಂದ ಹೇಳಿದಳು:

"ಕ್ಷಮಿಸಿ, ಅವರು ರೂಮಿನಲ್ಲಿಲ್ಲ. ಊರು ನೋಡಲು ಹೋಗಿದ್ದಾರೆ."